ಒಣಗಿದ ತುಟಿಯ ಸಾಕ್ಷ್ಯ

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಬೂದುಗುಂಬಳವನ್ನು ಹೊತ್ತವನ ಹೆಗಲಿಗೆ ಅದರ ಬೂದಿ ಅಂಟಿಕೊಳ್ಳುವುದು. ಕದ್ದವನಿಗೆ ಆ ಅರಿವು ಒಳಗೊಳಗೇ ಕುಟುಕುತ್ತಿರುವುದು. ಯಾರೂ ಹೆಸರು ಹಿಡಿದು ಕರೆಯುವ ಮೊದಲೇ ಅವನ ಕೈ ಹೆಗಲ ಮೇಲಕ್ಕೆ ಹೋಗಿ ಅವನನ್ನೇ ಹಿಡಿದುಕೊಡುವುದು. ನಾಲಗೆ ಮುಚ್ಚಿಟ್ಟದ್ದನ್ನು ಮೈ ಬಯಲು ಮಾಡುತ್ತದೆಂಬ ನಮ್ಮ ನಂಬಿಕೆಯೆಲ್ಲ ಈ ಒಂದು ಮಾತಿನಲ್ಲಿ ಅಡಕವಾಗಿದೆ. ಆದರೆ ತನ್ನ ಹಿತ್ತಿಲಿನಲ್ಲಿ ತಾನೇ ಬೆಳೆದ ಕುಂಬಳವನ್ನು ಹೊತ್ತು ತಂದವನ ಹೆಗಲಿಗೂ ಅದೇ ಬೂದಿ ಅಂಟಿರುವುದೆಂಬುದನ್ನಾಗಲಿ, ನಾಲ್ಕು ಜನ ಸುತ್ತ ನಿಂತು ಕಳ್ಳನೆಂದು ಕೂಗಿದಾಗ ಏನನ್ನೂ ಕದಿಯದವನ ಕೈಯೂ ಹೆಗಲಿಗೆ ಹೋಗಬಹುದೆಂಬುದನ್ನಾಗಲಿ ಗಾದೆ ಹೇಳುವುದಿಲ್ಲ. ಶ್ರೋತೃಗಳೇ, ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಗಾದೆ ಹೇಳದೆ ಉಳಿಸಿದ ಆ ಮಾತನ್ನು ಕುರಿತು.

ನನ್ನ ಊರು ಬ್ಯಾಟರಾಯನಪುರ; ಮೈಸೂರು ರಸ್ತೆಯಲ್ಲಿ ಅದೇ ಹೆಸರಿನ ಇನ್ನೊಂದು ಬಡಾವಣೆಯಿರುವುದರಿಂದ, ಬಳ್ಳಾರಿ ರಸ್ತೆಯ ಬ್ಯಾಟರಾಯನಪುರವೆಂದು ಬಿಡಿಸಿ ಹೇಳಬೇಕು. ಹೆಬ್ಬಾಳವನ್ನು ದಾಟಿ ಯಲಹಂಕದ ಕಡೆಗೆ ಹೋಗುವ ದಾರಿಯಲ್ಲಿ, ಈಗ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹಗಲಿರುಳೂ ವಾಹನಗಳು ಧಾವಿಸುವೆಡೆಯಲ್ಲಿ, 1960ರ ಆಸುಪಾಸಿನ ನನ್ನ ಬಾಲ್ಯಕಾಲದಲ್ಲಿ ರಾಗಿಯ ಹೊಲಗಳೂ ಅವರೆಯ ಸಾಲುಗಳೂ ಇದ್ದುವು. ಜಕ್ಕೂರಿನ ವಿಮಾನ ಶಾಲೆಯಿಂದ ಏಳುತ್ತಿದ್ದ ಚಿಕ್ಕ ವಿಮಾನಗಳನ್ನು ನೋಡಲು ಹುಡುಗರು ಓಡುತ್ತಿದ್ದರು. ಆಗ ನಮ್ಮ ಮನೆಯಲ್ಲಿ ದನ ಕಾಯಲು ಸಂಬಳಕ್ಕಿದ್ದ ಹುಡುಗನೊಬ್ಬನಿದ್ದ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಒಂದು ಮಾಘಮಾಸದಲ್ಲಿ ಮದುವೆಯೊಂದಕ್ಕೆ ಹೊರಡಬೇಕಾಗಿ ಬಂದಾಗ ಅಜ್ಜಿಯ ಬೆಳ್ಳಿಯ ಡಾಬು ಕಾಣೆಯಾಗಿತ್ತು. ಮನೆಯೆಲ್ಲ ಹುಡುಕಿದ ಮೇಲೆ, ಅಂಥ ಮನೆಗಳಲ್ಲಿ ಎಂದಿನಂತೆ, ಅನುಮಾನವು ಮನೆಯವರಲ್ಲದ ಒಬ್ಬನ ಮೇಲೆ ಹೋಗಿ ನಿಂತಿತು.

ನಮ್ಮ ತಾತನವರು ಊರಿನವರು ನ್ಯಾಯಕ್ಕೆ ಕರೆಯುತ್ತಿದ್ದ ಹಿರಿಯರು. ಕ್ರೂರಿಗಳಲ್ಲ, ಅವಿಚಾರಿಗಳೂ ಅಲ್ಲ. ಸಂಜೆ ದನಗಳನ್ನು ಹೊಡೆದುಕೊಂಡು ಬಂದ ಹುಡುಗನನ್ನು ಪಡಸಾಲೆಗೆ ಕರೆಸಿ, "ತಲೆ ಎತ್ತಿ ನನ್ನ ಮುಖ ನೋಡ್ಕೊಂಡು ಹೇಳ್ಲಾ" ಎಂದರು. ಅವನು ತಲೆ ಎತ್ತಲಿಲ್ಲ. "ನಾ ಕಾಣೆ ಬುದ್ಧಿ" ಎಂದ ಮಾತು ಗಂಟಲಿನಲ್ಲಿಯೇ ತೊಡರಿತು. ಕಂಬದ ಮರೆಯಲ್ಲಿ ನಿಂತಿದ್ದ ನಾನು ಅವನ ಹಣೆಯಲ್ಲಿ ಬೆವರನ್ನೂ, ಅವನು ಮತ್ತೆಮತ್ತೆ ತುಟಿಯ ಅಂಚನ್ನು ನೆಕ್ಕಿಕೊಳ್ಳುತ್ತಿದ್ದುದನ್ನೂ ಕಂಡು, ಏನೋ ಮಹತ್ತರವಾದುದನ್ನು ಪತ್ತೆಮಾಡಿದವನಂತೆ, "ತಾತ, ತುಟಿ ನೆಕ್ಕೊಂತಾವ್ನೆ ನೋಡು, ಅವ್ನೇಯ" ಎಂದು ಕೂಗಿದೆನು. ಆ ಕೂಗೇ ತೀರ್ಪಾಯಿತೆಂದು ಹೇಳಲಾರೆ. ಆದರೆ ಅದುವರೆಗೆ ತೂಗಾಡುತ್ತಿದ್ದ ತಕ್ಕಡಿ ಆ ಕ್ಷಣದಲ್ಲಿ ಒಂದು ಕಡೆಗೆ ವಾಲಿದ್ದನ್ನು ನಾನು ಹಿರಿಯರ ಮುಖಗಳಲ್ಲಿ ಕಂಡೆನು. ಅವನನ್ನು ಯಾರೂ ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡಿ ಕಳುಹಿಸಿಬಿಟ್ಟರು. ಆಷಾಢ ಕಳೆದು ರಾಗಿಯ ವಾಡೆ ತಳ ಕಂಡಾಗ, ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಡಾಬು ಅದರೊಳಗಿತ್ತು. ಪುಷ್ಯದಲ್ಲಿ ಘಾಟಿಯ ಜಾತ್ರೆಗೆ ಹೊರಡುವಾಗ ಅಜ್ಜಿ ತಾನೇ ಅಲ್ಲಿ ಹುಗಿದಿಟ್ಟು ಮರೆತಿದ್ದಳು.

ಮುಂದೆ ನಾನು ಕಾನೂನು ಓದಿ ವಕೀಲನಾದೆನು. ನಮ್ಮ ವೃತ್ತಿಯವರಿಗೆ 'ಮಿತಾಕ್ಷರ'ವೆಂಬ ಹೆಸರು ಅವಿಭಕ್ತ ಕುಟುಂಬದ ಆಸ್ತಿಯ ಸಂಬಂಧವಾಗಿ ನಿತ್ಯವೂ ಕಿವಿಗೆ ಬೀಳುವುದು. ಹುಟ್ಟಿನಿಂದಲೇ ಬರುವ ಹಕ್ಕು, ತಂದೆಮಕ್ಕಳ ಪಾಲು, ಇವಿಷ್ಟಕ್ಕಾಗಿ ಅದನ್ನು ಉದಾಹರಿಸಿ, ಉಳಿದ ಭಾಗವನ್ನು ತೆರೆಯದೆಯೇ ನಾವು ವೃದ್ಧರಾಗುತ್ತೇವೆ. ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಆ ಮಹಾವ್ಯಾಖ್ಯಾನದ ಕರ್ತೃವಾದ ವಿಜ್ಞಾನೇಶ್ವರನು ಕನ್ನಡನಾಡಿನವನು. ಕಲಬುರಗಿಯ ಬಳಿಯ ಮರತೂರು ಅವನ ಊರೆಂದು ಹೇಳುವರು. ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, 1076ರಲ್ಲಿ ಪಟ್ಟವೇರಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಪಾಲುಪಾರೀಕತ್ತಿನ ದಾವೆಯೊಂದರ ನಿಮಿತ್ತ ಆ ಗ್ರಂಥವನ್ನು ತಿರುವಿಹಾಕುತ್ತಿದ್ದ ಒಂದು ರಾತ್ರಿ, ವ್ಯವಹಾರಾಧ್ಯಾಯದ ಆದಿಭಾಗದಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಆರೋಪಕ್ಕೆ ಉತ್ತರ ಕೊಡುವಾಗಲೋ ಸಾಕ್ಷ್ಯ ನುಡಿಯುವಾಗಲೋ ದುಷ್ಟನಾದವನನ್ನು ಯಾವ ವಿಕಾರಗಳಿಂದ ಗುರುತಿಸಬೇಕೆಂದು ಸ್ಮೃತಿಕಾರನು ಅಲ್ಲಿ ಎಣಿಸುತ್ತಾನೆ: ಅವನು ನಿಂತಲ್ಲಿ ನಿಲ್ಲಲಾರನು, ಹಣೆ ಬೆವರುವುದು, ಮುಖದ ಬಣ್ಣ ಕೆಡುವುದು, ಬಾಯಾರಿ ಮಾತು ತೊದಲುವುದು, ಎದುರಿನವರ ಮಾತಿಗೂ ನೋಟಕ್ಕೂ ಅವನು ಸರಿಯಾಗಿ ಪ್ರತಿ ಕೊಡಲಾರನು, ತುಟಿಯನ್ನು ಸೊಟ್ಟಮಾಡುವನು, ಬಾಯಿಯ ಅಂಚುಗಳನ್ನು ನೆಕ್ಕಿಕೊಳ್ಳುವನು. ನಮ್ಮ ಪಡಸಾಲೆಯ ಕಂಬದ ಮರೆಯಿಂದ ಒಬ್ಬ ಬಾಲಕನು ಕಂಡು ಕೂಗಿದ್ದನ್ನೇ ಸ್ಮೃತಿಯು ಶಾಸ್ತ್ರವಾಗಿ ವಿಧಿಸುತ್ತಿದೆಯಲ್ಲಾ ಎಂದು ನನಗೆ ಒಂದು ಕ್ಷಣ ಕೈ ನಡುಗಿತು.

ಆದರೆ ವಿಜ್ಞಾನೇಶ್ವರನು ಅಷ್ಟಕ್ಕೆ ಬಿಡುವುದಿಲ್ಲ. ಈ ಶ್ಲೋಕಗಳ ಕೆಳಗೆ ಅವನು ಬರೆದಿರುವ ನಾಲ್ಕಾರು ಪಂಕ್ತಿಗಳನ್ನು, ಕನ್ನಡನಾಡು ನ್ಯಾಯವಿಚಾರಕ್ಕೆ ಕೊಟ್ಟ ಅತ್ಯಂತ ಕರುಣಾಪೂರ್ಣವಾದ ಮಾತುಗಳೆಂದು ನಾನು ಗೌರವಿಸುತ್ತೇನೆ. ಅವುಗಳ ಸಾರಾಂಶವಿಷ್ಟು. ಈ ವಿಕಾರಗಳು ದೋಷದ ಸಂಭಾವನೆಯನ್ನು ಮಾತ್ರ ತೋರಿಸುವುವೇ ಹೊರತು ದೋಷವನ್ನು ನಿಶ್ಚಯಿಸಲಾರವು; ಏಕೆಂದರೆ, ಒಬ್ಬನಿಗೆ ಹುಟ್ಟುಗುಣವಾಗಿಯೇ ಇರುವ ವಿಕಾರ ಯಾವುದು, ಈಗಿನ ನಿಮಿತ್ತದಿಂದ ಉಂಟಾದುದು ಯಾವುದು ಎಂದು ಬೇರ್ಪಡಿಸಿ ತಿಳಿಯುವುದು ಅತಿ ಕಷ್ಟ. ಇನ್ನು, ಅಂಥ ವಿವೇಕವುಳ್ಳ ನಿಪುಣಮತಿಯೊಬ್ಬನು ಇದ್ದಾನೆಂದೇ ಇಟ್ಟುಕೊಂಡರೂ, ಆ ಲಕ್ಷಣಗಳ ಬಲದಿಂದ ಎದುರಿನವನು ಸೋತನೆಂದು ತೀರ್ಮಾನಿಸಿ ಮುಂದಿನ ಕಾರ್ಯ ನಡೆಸುವುದು ಸಲ್ಲದು. ಸಾಯುವವನಲ್ಲಿ ಮರಣದ ಚಿಹ್ನೆಗಳು ಕಂಡವೆಂಬ ಮಾತ್ರಕ್ಕೆ ಯಾರೂ ಅವನಿಗೆ ಉತ್ತರಕ್ರಿಯೆ ಮಾಡಿಬಿಡುವುದಿಲ್ಲವಷ್ಟೆ!

ಈ ಉಪಮೆಯನ್ನು ಶ್ರೋತೃಗಳು ಕ್ಷಣಕಾಲ ಮನಸ್ಸಿನಲ್ಲಿ ಇರಿಸಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಲಕ್ಷಣ ಸುಳ್ಳೆಂದು ಅವನು ಹೇಳಲಿಲ್ಲ. ಅದನ್ನು ನೋಡಬೇಡಿರೆಂದೂ ಹೇಳಲಿಲ್ಲ. ವೈದ್ಯನು ಚಿಹ್ನೆಯನ್ನು ಕಂಡು ಎಚ್ಚರಗೊಳ್ಳುವಂತೆ ನ್ಯಾಯಾಧಿಪತಿಯೂ ಎಚ್ಚರಗೊಳ್ಳಲಿ, ಇನ್ನಷ್ಟು ಕೇಳಲಿ, ಇನ್ನಷ್ಟು ಶೋಧಿಸಲಿ. ಆದರೆ ಉಸಿರಾಡುತ್ತಿರುವವನನ್ನು ಚಟ್ಟಕ್ಕೆ ಕಟ್ಟದಿರಲಿ. ನಾವು ಆ ಹುಡುಗನಿಗೆ ಮಾಡಿದ್ದು ಅದನ್ನೇ.

ಇದೇ ವಿವೇಕವನ್ನು ವೈದ್ಯಶಾಸ್ತ್ರದಲ್ಲಿಯೂ ಕಾಣಬಹುದು. ಸುಶ್ರುತಸಂಹಿತೆಯ ಕಲ್ಪಸ್ಥಾನವು ರಾಜನ ಅನ್ನಕ್ಕೆ ವಿಷವಿಕ್ಕಿದವನ ಚೇಷ್ಟೆಗಳನ್ನು ವರ್ಣಿಸಿ, ಅಲ್ಲಿಯೇ ಒಂದು ಮಾತನ್ನು ಸೇರಿಸುತ್ತದೆ: ಅರಸನ ಭಯದಿಂದಲೋ ಅವನ ಆಜ್ಞೆಯ ಅವಸರದಿಂದಲೋ ಸಜ್ಜನರೂ ದುರ್ಜನರಂತೆ ವರ್ತಿಸಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ವಿಷಪ್ರದನ ಒಣಗಿದ ಮುಖ, ತಡೆವ ಮಾತು, ಬೆವರು, ಆಕಳಿಕೆ, ನಡುಕ ಎಲ್ಲ ಬರುತ್ತವೆ. ಸುಶ್ರುತನು ಹೆಚ್ಚಾಗಿ ಕಂಡದ್ದು ಭಯಕ್ಕೂ ಅಪರಾಧಕ್ಕೂ ಇರುವ ಅಂತರವನ್ನು. ಸುಳ್ಳಿನ ಮುಖಚಿಹ್ನೆಗಳನ್ನೇ ಜೀವಮಾನವೆಲ್ಲ ಅಭ್ಯಾಸ ಮಾಡಿದ ಅಮೆರಿಕದ ಪಾಲ್ ಎಕ್ಮನ್ನನು 1985ರಲ್ಲಿ, ಭಯವನ್ನೇ ಅಪರಾಧವೆಂದು ಬಗೆಯುವ ಭ್ರಮೆಗೆ ಒಥೆಲೊನ ತಪ್ಪೆಂದು ಹೆಸರಿಟ್ಟನು. ಷೇಕ್ಸ್‌ಪಿಯರನ ನಾಟಕದಲ್ಲಿ ಡೆಸ್ಡಿಮೋನಳ ಭಯವನ್ನೂ ಕಣ್ಣೀರನ್ನೂ ಅವಳ ದ್ರೋಹಕ್ಕೆ ಸಾಕ್ಷಿಯೆಂದು ಬಗೆದು ಗಂಡನು ಅವಳನ್ನು ಕೊಂದುಹಾಕುತ್ತಾನೆ.

ಬಾಯಿ ಏಕೆ ಒಣಗುತ್ತದೆ? ಮನುಷ್ಯನು ಅಪಾಯವನ್ನು ಶಂಕಿಸಿದಾಗ ಅವನ ಇಚ್ಛೆಗೆ ಒಳಪಡದ ನರಮಂಡಲವು ಮೈಯನ್ನು ಓಟಕ್ಕೋ ಹೋರಾಟಕ್ಕೋ ಸಿದ್ಧಗೊಳಿಸುವುದು. ಹೃದಯದ ಬಡಿತ ಏರುವುದು, ಅಂಗೈ ಬೆವರುವುದು, ಜೊಲ್ಲು ಬತ್ತುವುದು. ನಮ್ಮ ಪೂರ್ವಿಕರ ದಿವ್ಯಗಳಲ್ಲಿ, ಎಂದರೆ ದೈವಸಾಕ್ಷಿಕವಾದ ಪರೀಕ್ಷೆಗಳಲ್ಲಿ, ಕಳ್ಳತನದ ಶಂಕೆಗೆ ಗುರಿಯಾದವನಿಗೆ ಅಕ್ಕಿಯನ್ನು ಅಗಿದು ಉಗುಳಲು ಹೇಳುವ ತಂಡುಲದಿವ್ಯವೊಂದಿತ್ತು. ಇಪ್ಪತ್ತನೆಯ ಶತಮಾನದ ಸುಳ್ಳುಪತ್ತೆ ಯಂತ್ರವು ಉಸಿರನ್ನೂ ರಕ್ತದ ಒತ್ತಡವನ್ನೂ ಚರ್ಮದ ಬೆವರನ್ನೂ ಕಾಗದದ ಮೇಲೆ ಗೀರುತ್ತದೆ. ಅಗಿದ ಅಕ್ಕಿಗೂ ಆ ಗೀರುಗಳಿಗೂ ನಡುವೆ ನನಗೆ ಕಾಣುವ ಅಂತರ ಉಪಕರಣದ್ದು ಮಾತ್ರ; ಎರಡೂ ಅಳೆಯುವುದು ಅಳುಕನ್ನು. ಅಳುಕದೆ ಸುಳ್ಳಾಡುವವನು ಎರಡರಿಂದಲೂ ಪಾರಾಗುವನು. ಅಳುಕುತ್ತ ನಿಜ ನುಡಿಯುವವನು ಎರಡರಲ್ಲಿಯೂ ಸಿಕ್ಕಿಬೀಳುವನು.

ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಬೆಂಗಳೂರು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ನಾನಾ ರಾಜ್ಯಗಳ ಪೊಲೀಸರು ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಈ ಪರೀಕ್ಷೆಗಳ ನ್ಯಾಯಬದ್ಧತೆಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಮೂವರು ನ್ಯಾಯಮೂರ್ತಿಗಳ ಪೀಠವು ತೀರ್ಪು ಕೊಟ್ಟಿತು: ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ, ಸುಳ್ಳುಪತ್ತೆ ಯಂತ್ರಕ್ಕೆ, ಮಿದುಳಿನ ಅಲೆಗಳ ಪರೀಕ್ಷೆಗೆ ಒಳಪಡಿಸುವಂತಿಲ್ಲ, ಅದು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವ ಬಲವಂತವನ್ನು ನಿಷೇಧಿಸುವ ಸಂವಿಧಾನದ 20ನೆಯ ವಿಧಿಯ 3ನೆಯ ಖಂಡಕ್ಕೂ 21ನೆಯ ವಿಧಿಗೂ ವಿರುದ್ಧ, ಒಪ್ಪಿಗೆಯಿಂದ ನಡೆದರೂ ಪರೀಕ್ಷೆಯ ಫಲವೇ ಸಾಕ್ಷ್ಯವಾಗಲಾರದು. ಆ ತೀರ್ಪನ್ನು ಓದಿದ ದಿನ ನನಗೆ ಕಲ್ಯಾಣದ ವ್ಯಾಖ್ಯಾನಕಾರನ ನೆನಪಾಯಿತು. ನ್ಯಾಯಮೂರ್ತಿಗಳ ತರ್ಕದ ಆಧಾರ ಬೇರೆ, ಸಂವಿಧಾನ ಬೇರೆ, ಕಾಲ ಬೇರೆ. ಆದರೂ ಮೈಯಿಂದ ಹಿಂಡಿ ತೆಗೆದ ಚಿಹ್ನೆಯ ಮೇಲೆ ಮನುಷ್ಯನ ಸೋಲನ್ನು ಬರೆಯಲಾಗದೆಂಬ ನಿಲುವು ಎರಡು ಕಡೆಯೂ ಇದೆ.

ಯಂತ್ರವಿಲ್ಲದೆ ಬರಿಯ ಕಣ್ಣಿನಿಂದ ನಾವು ಎಷ್ಟರಮಟ್ಟಿಗೆ ಸುಳ್ಳನ್ನು ಕಾಣಬಲ್ಲೆವು? ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ, ಅದುವರೆಗೆ ನಡೆದ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ, 24,000ಕ್ಕೂ ಹೆಚ್ಚು ಜನರ ತೀರ್ಮಾನಗಳನ್ನು ಲೆಕ್ಕಹಾಕಿದರು. ನೂರು ಸಲ ಊಹಿಸಿದವರು ಸರಿಯಾದದ್ದು ಐವತ್ತನಾಲ್ಕು ಸಲ. ನಾಣ್ಯ ಚಿಮ್ಮಿ ತೀರ್ಪು ಹೇಳಿದರೆ ಐವತ್ತು. ವೃತ್ತಿಯಿಂದ ಸುಳ್ಳು ಹಿಡಿಯಬೇಕಾದವರೂ ಇತರರಿಗಿಂತ ಹೇಳಿಕೊಳ್ಳುವಷ್ಟು ಮುಂದಿಲ್ಲ. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ 58 ದೇಶಗಳ ಜನರನ್ನು ಸುಳ್ಳುಗಾರನ ಗುರುತೇನೆಂದು ಕೇಳಿದಾಗ, ಎಲ್ಲಕ್ಕಿಂತ ಹೆಚ್ಚು ಮಂದಿ ಕೊಟ್ಟ ಉತ್ತರ ಒಂದೇ: ಅವನು ಕಣ್ಣು ತಪ್ಪಿಸುತ್ತಾನೆ. ಆ ನಂಬಿಕೆಗೆ ಪ್ರಯೋಗಗಳಲ್ಲಿ ಆಧಾರವೇ ದೊರೆತಿಲ್ಲ.

ನಮ್ಮ ನಾಡಿನಲ್ಲಂತೂ ಇದು ಹೆಚ್ಚಿನ ಅನ್ಯಾಯಕ್ಕೆ ದಾರಿ. ಹಿರಿಯರ ಮುಂದೆ ಕಣ್ಣು ತಗ್ಗಿಸಿ ನಿಲ್ಲಬೇಕೆಂದು ಹುಟ್ಟಿದಂದಿನಿಂದ ಕಲಿಸಿದವರು ನಾವೇ. ಯಜಮಾನನನ್ನು ದಿಟ್ಟಿಸಿ ನೋಡುವ ಆಳು ಅಹಂಕಾರಿಯೆಂದು ಬೈದವರೂ ನಾವೇ. ಕಳುವಾದ ದಿನ ಮಾತ್ರ ಅವನು ತಲೆ ಎತ್ತಿ ನಮ್ಮ ಕಣ್ಣನ್ನು ನೋಡಬೇಕು! ಇಂದು ನಮ್ಮ ಹಳ್ಳಿಗಳಿಂದ ಹೆಬ್ಬಾಳದ ಆಚೀಚೆಯ ಗಾಜಿನ ಕಚೇರಿಗಳಿಗೆ ಸಂದರ್ಶನಕ್ಕೆ ಹೋಗುವ ಮಕ್ಕಳನ್ನು ಮೇಜಿನಾಚೆ ಕುಳಿತವರು ಇದೇ ಗಜಕಡ್ಡಿಯಿಂದ ಅಳೆಯುತ್ತಾರೆಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಸಂಕೋಚದ ಸ್ವಭಾವದವರು, ತೊದಲು ಮಾತಿನವರು, ಪರರ ಕಣ್ಣನ್ನು ನೋಡುವುದೇ ಯಾತನೆಯಾಗುವಂಥ ಮನೋರಚನೆಯುಳ್ಳವರು, ಇವರೆಲ್ಲರ ಸತ್ಯವು ಅವರ ಮುಖದಿಂದಲೇ ಹುಸಿಯಾಗಿಬಿಡುತ್ತದೆ.

ನ್ಯಾಯಾಲಯದಲ್ಲಿಯೂ ಸಾಕ್ಷಿಯ ಹಾವಭಾವಕ್ಕೆ ಸ್ಥಾನವಿಲ್ಲದೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೆಯ ಆದೇಶದ 12ನೆಯ ನಿಯಮವು, ಸಾಕ್ಷಿಯ ನಡವಳಿಕೆಯನ್ನು ಕುರಿತು ನ್ಯಾಯಾಧೀಶರು ತಮಗೆ ಮುಖ್ಯವೆನಿಸಿದ್ದನ್ನು ಬರೆದಿಡಬಹುದೆನ್ನುತ್ತದೆ. ಬರೆದಿಡುವುದು ಒಂದು, ಅದನ್ನೇ ನಂಬುವುದು ಇನ್ನೊಂದು. ನನ್ನ ಅನುಭವದ ಒಂದು ದಾವೆಯನ್ನು ಹೇಳುತ್ತೇನೆ. ನಮ್ಮ ಕಡೆಯ ಜಮೀನುಗಳಿಗೆ ಬೆಲೆ ಬಂದ ಮೇಲೆ ಅಣ್ಣತಮ್ಮಂದಿರ ನಡುವೆ ಹುಟ್ಟಿದ ನೂರಾರು ದಾವೆಗಳಲ್ಲಿ ಅದೂ ಒಂದು. ಒಂದು ಪಕ್ಷದ ಸಾಕ್ಷಿಯಾಗಿ ಬಂದ ವೃದ್ಧೆಯೊಬ್ಬಳು ಕಟಕಟೆಯ ಪಟ್ಟಿಯನ್ನು ಬಿಗಿಯಾಗಿ ಹಿಡಿದು ನಡುಗುತ್ತಿದ್ದಳು. ಕೇಳಿದ ಪ್ರಶ್ನೆಗೆಲ್ಲ ನೆಲ ನೋಡುತ್ತ ಎರಡೆರಡು ಮಾತಿನ ಉತ್ತರ ಕೊಟ್ಟಳು. ಎದುರು ಪಕ್ಷದ ಸಾಕ್ಷಿಯು ಇಸ್ತ್ರಿ ಮಾಡಿದ ಬಿಳಿಯ ಅಂಗಿಯನ್ನು ತೊಟ್ಟು, ನ್ಯಾಯಾಧೀಶರನ್ನು ನೇರವಾಗಿ ನೋಡುತ್ತ, ಕಾರಿನ ಚಕ್ರ ಉರುಳಿದಂತೆ ಸರಾಗವಾಗಿ ಮಾತನಾಡಿದನು. ಆಷಾಢಮಾಸದ ಇಂಥ ದಿನ, ಕಣದ ಪಕ್ಕದ ಹೊಂಗೆಯ ಮರದಡಿ ಕುಳಿತು, ತನ್ನ ಕಣ್ಣೆದುರಿಗೇ ಪಾರೀಕತ್ತಿಗೆ ರುಜು ಬಿತ್ತೆಂದನು. ಅಂದು ಪಾಟೀಸವಾಲಿನಲ್ಲಿ ನನ್ನ ಹಿರಿಯ ವಕೀಲರು ಅವನ ಮುಖವನ್ನು ನೋಡಲೇ ಇಲ್ಲ. ಕಾಗದದ ಮೇಲೆ ಕಣ್ಣಿಟ್ಟುಕೊಂಡು, ನೆರೆಮನೆಯವರೊಡನೆ ಮಾತನಾಡುವಂತೆ, ಅವತ್ತು ಕಣದಲ್ಲಿ ಜನ ಏನು ಮಾಡುತ್ತಿದ್ದರಪ್ಪ ಎಂದು ಕೇಳಿದರು. ರಾಗಿಗೆ ರೋಣಗಲ್ಲು ಹೊಡೆಯುತ್ತಿದ್ದರು ಸ್ವಾಮಿ ಎಂದು ಅವನು ಅಷ್ಟೇ ಸರಾಗವಾಗಿ ನುಡಿದನು. ಆಷಾಢದಲ್ಲಿ ಬ್ಯಾಟರಾಯನಪುರದ ಸೀಮೆಯಲ್ಲಿ ರಾಗಿ ಬಿತ್ತುತ್ತಾರೆ. ಕಣ ಮಾಡುವುದು ಬೆಳೆ ಕೊಯ್ದು ಮೆದೆ ಹಾಕಿದ ಮೇಲೆ, ಚಳಿಗಾಲದಲ್ಲಿ. ಅವನ ಹುಬ್ಬಾಗಲಿ ತುಟಿಯಾಗಲಿ ಕಡೆಯವರೆಗೂ ಅಲುಗಲಿಲ್ಲ. ಅವನನ್ನು ಸೋಲಿಸಿದ್ದು ರಾಗಿ.

ಸುಳ್ಳಿನ ಸಂಶೋಧಕರು ಈಗ ಹೇಳುತ್ತಿರುವುದೂ ಇದಕ್ಕೆ ಹತ್ತಿರವಾದ ಮಾತು. ಡಿಪಾಲೊ ಮತ್ತು ಅವಳ ಸಂಗಡಿಗರು 2003ರಲ್ಲಿ 158 ಬಗೆಯ ಚಿಹ್ನೆಗಳನ್ನು ಪರಿಶೀಲಿಸಿದಾಗ ಬಹುಪಾಲು ಚಿಹ್ನೆಗಳು ಸುಳ್ಳಿನೊಡನೆ ನೆಲೆಯಾದ ಸಂಬಂಧವಿಲ್ಲದವಾಗಿ ಕಂಡವು. ಕಿಂಚಿತ್ತು ನಿಂತದ್ದು, ಸುಳ್ಳು ಕಥನದಲ್ಲಿ ವಿವರಗಳು ಕಡಮೆ, ಹೊಂದಿಕೆ ಕಡಮೆ ಎಂಬಂಥವು. ಕಣ್ಣಿಗಿಂತ ಕಿವಿ ಇಲ್ಲಿ ಹೆಚ್ಚು ನಂಬತಕ್ಕ ಇಂದ್ರಿಯ.

ಬಾನುಲಿಯ ಮುಂದೆ ಕುಳಿತು ಈ ಮಾತನ್ನಾಡುವಾಗ ನನಗೆ ಎರಡು ಸಂಗತಿಗಳು ನೆನಪಾಗುತ್ತವೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿ, ಇಡೀ ದೇಶದ ಬಾನುಲಿಯು ಮುಂದೆ ಧರಿಸಿದ 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನುಷ್ಯನ ಮನಸ್ಸನ್ನು ಅಭ್ಯಾಸ ಮಾಡಿದವರೊಬ್ಬರು ಮುಖವಿಲ್ಲದ ಬರಿಯ ಧ್ವನಿಯನ್ನು ನಾಡಿಗೆ ಕೊಟ್ಟರೆಂಬುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಎರಡನೆಯದು, 1995ರಲ್ಲಿ ಪ್ರಕಟವಾದ ರಿಚರ್ಡ್ ವೈಸ್‌ಮನ್ನನ ಪ್ರಯೋಗ. ಇಂಗ್ಲೆಂಡಿನ ಪ್ರಸಿದ್ಧ ಸಂದರ್ಶಕ ರಾಬಿನ್ ಡೇ ಅವರನ್ನು ಅವರಿಗೆ ಪ್ರಿಯವಾದ ಚಲನಚಿತ್ರವನ್ನು ಕುರಿತು ಎರಡು ಬಾರಿ ಪ್ರಶ್ನಿಸಲಾಯಿತು. ಒಂದರಲ್ಲಿ ಅವರು ನಿಜ ಹೇಳಿದರು, ಇನ್ನೊಂದರಲ್ಲಿ ಬರಿಯ ಸುಳ್ಳು. ಅವೆರಡನ್ನೂ ದೂರದರ್ಶನದಲ್ಲಿ ತೋರಿಸಿ, ಬಾನುಲಿಯಲ್ಲಿ ಕೇಳಿಸಿ, ಪತ್ರಿಕೆಯಲ್ಲಿ ಅಚ್ಚುಹಾಕಿ, ಸುಳ್ಳು ಯಾವುದೆಂದು ಸಾರ್ವಜನಿಕರನ್ನು ಕೇಳಿದಾಗ 40,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಮುಖವನ್ನು ನೋಡಿದವರಲ್ಲಿ ಸುಳ್ಳನ್ನು ಗುರುತಿಸಿದವರು ನೂರಕ್ಕೆ 51.8, ಓದಿದವರಲ್ಲಿ 64.2, ಕೇವಲ ಧ್ವನಿಯನ್ನು ಕೇಳಿದವರಲ್ಲಿ 73.4. ಇದು ಒಬ್ಬರೇ ವ್ಯಕ್ತಿಯ ಒಂದೇ ಸಂದರ್ಭವೆಂಬುದನ್ನು ನಾನು ಮರೆಯುವುದಿಲ್ಲ. ಆದರೂ ನೋಡಿದವರಿಗಿಂತ ಆಲಿಸಿದವರು ಇಷ್ಟು ಮುಂದಿದ್ದರೆಂಬುದು, ನನ್ನ ಮುಖ ಕಾಣದೆ ನನ್ನನ್ನು ಕೇಳುತ್ತಿರುವ ನಿಮ್ಮ ಮುಂದೆ ಹೇಳತಕ್ಕ ಮಾತೇ ಸರಿ.

ದನ ಕಾಯುವ ಆ ಹುಡುಗನನ್ನು ನಾನು ಮತ್ತೆ ಕಂಡದ್ದು ಇಪ್ಪತ್ತು ವರ್ಷಗಳ ಮೇಲೆ, ಯಲಹಂಕದ ರೈಲು ನಿಲ್ದಾಣದ ಹೊರಗೆ. ಕಡಲೆಕಾಯಿಯ ಗಾಡಿಯಿಟ್ಟುಕೊಂಡಿದ್ದನು. ಗುರುತು ಹಿಡಿದವನು ಅವನೇ. ಡಾಬು ವಾಡೆಯಲ್ಲಿ ಸಿಕ್ಕಿದ ಸುದ್ದಿಯನ್ನು ಬಹಳ ಹಿಂದೆಯೇ ಯಾರೋ ಅವನಿಗೆ ತಿಳಿಸಿದ್ದರಂತೆ. ನಾನು ಆ ಸಂಜೆ ಕೂಗಿದ ಮಾತನ್ನು ನೆನಪಿಸಿ ಕ್ಷಮೆ ಬೇಡಿದಾಗ ಅವನು ಕಡಲೆಕಾಯಿಯನ್ನು ಕೈಯಾಡಿಸುತ್ತ ಸುಮ್ಮನಿದ್ದನು. ಅಷ್ಟು ಹೆದರಿದ್ದೆಯಾ, ಬಾಯಿ ಅಷ್ಟು ಒಣಗಿತ್ತಲ್ಲಾ ಎಂದು ಕೇಳಿದೆನು.

"ಹೆದರ್ಕೇನೂ ಇತ್ತು ಚಿಕ್ಕಗೌಡ್ರೆ" ಎಂದನು. "ಆದ್ರೆ ಅವತ್ತು ದನ ಹೊಡ್ಕೊಂಡು ಬಂದವನ್ನ ಹಂಗೇ ಒಳಕ್ಕೆ ಕರ್ದ್ರಲ್ಲ. ಮಧ್ಯಾಹ್ನದಿಂದ ನೀರು ಕುಡ್ದಿರ್ಲಿಲ್ಲ."

ನಮ್ಮ ಪಡಸಾಲೆಯಲ್ಲಿ, ಅವನು ನಿಂತಿದ್ದ ಜಾಗದಿಂದ ಎರಡು ಮಾರು ದೂರಕ್ಕೆ, ನೀರಿನ ಗುಡಾಣವಿತ್ತು.